ಸ್ಕ್ರೂ ಬಿಗಿಸಲು ಡ್ರಿಲ್ ಸಾಕೇ, ಇಂಪ್ಯಾಕ್ಟ್ ಡ್ರೈವರ್ ಬೇಕೇ?

ಅಂಗಡಿಯಲ್ಲಿ ‘ಇಂಪ್ಯಾಕ್ಟ್’ ಎಂದಷ್ಟೇ ಕೇಳಿದರೆ ಗೋಡೆ ಕೊರೆಯುವ ಇಂಪ್ಯಾಕ್ಟ್ ಡ್ರಿಲ್ ಕೈಗೆ ಬಂದುಬಿಡಬಹುದು. ಅದು ಬಿಟ್ಟನ್ನು, ಅಂದರೆ ತುದಿಗೆ ಸಿಕ್ಕಿಸುವ ಉಕ್ಕಿನ ಕಡ್ಡಿಯನ್ನು, ಮುಂದಕ್ಕೆ ಕುಟ್ಟುವ ಯಂತ್ರ. ಸ್ಕ್ರೂ ಬಿಗಿಸುವ ಇಂಪ್ಯಾಕ್ಟ್ ಡ್ರೈವರಿನ ಏಟು ಬೀಳುವುದು ತಿರುಗುವ ದಿಕ್ಕಿನಲ್ಲಿ, ಹಾಗಾಗಿ ಕಾಂಕ್ರೀಟ್ ಕೊರೆಯಲು ಅದು ನೆರವಾಗದು.

ಸ್ಕ್ರೂ ಸಲೀಸಾಗಿ ಇಳಿಯುವವರೆಗೆ ಅದೂ ಡ್ರಿಲ್ಲಿನಂತೆಯೇ ತಿರುಗುತ್ತದೆ. ಬಿಗಿಯಾದೊಡನೆ ಒಳಗಿನ ಸುತ್ತಿಗೆ ಹಿಂದೆ ಸರಿದು, ಸ್ಪ್ರಿಂಗ್ ನೂಕಿದಾಗ ಮತ್ತೆ ಬಂದು ಬಡಿಯುತ್ತದೆ. ನಿಮಿಷಕ್ಕೆ ಸುಮಾರು 3,000 ಏಟು. 18 ವೋಲ್ಟಿನ ಸಾಧಾರಣ ಡ್ರಿಲ್ 50–60 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಕೊಟ್ಟರೆ, ಅದೇ ಬ್ಯಾಟರಿಯ ಇಂಪ್ಯಾಕ್ಟ್ ಡ್ರೈವರ್ 150 ದಾಟುತ್ತದೆ. ಆದರೂ ಮಣಿಕಟ್ಟು ತಿರುಚುವುದಿಲ್ಲ, ಏಟುಗಳು ಬಿಡಿಬಿಡಿಯಾಗಿ ಬೀಳುತ್ತವಲ್ಲ. ಬಿಟ್ ಸ್ಕ್ರೂವಿನ ತಲೆಯಿಂದ ಜಾರುವುದೂ ಕಡಿಮೆ. ಚಾವಣಿ ಶೀಟಿಗೆ ಸೆಲ್ಫ್ ಡ್ರಿಲ್ಲಿಂಗ್ ಸ್ಕ್ರೂ, ಹಲಸು ಅಥವಾ ಮತ್ತಿ ಮರದ ಚೌಕಟ್ಟಿಗೆ 75 ಮಿ.ಮೀ. ಸ್ಕ್ರೂ ಹಾಕುವಾಗ ಇದಕ್ಕೆ ಸಾಟಿಯಿಲ್ಲ. ಗಟ್ಟಿ ಮರಕ್ಕೆ ಮಾತ್ರ ಮೊದಲೇ ತೂತು ಕೊರೆಯಿರಿ: 5 ಮಿ.ಮೀ. ಸ್ಕ್ರೂವಿಗೆ 3.5 ಮಿ.ಮೀ. ತೂತು. ಬಲವಿದೆಯೆಂದು ಹಾಗೇ ನುಗ್ಗಿಸಿದರೆ ಮರ ಸೀಳುತ್ತದೆ, ಇಲ್ಲವೇ ಸ್ಕ್ರೂವಿನ ಕತ್ತು ಮುರಿಯುತ್ತದೆ.

ಆದರೆ ಮನೆಗೊಂದೇ ಯಂತ್ರ ಕೊಳ್ಳುವುದಾದರೆ ಡ್ರಿಲ್ಲೇ ಕೊಳ್ಳಿ. 12 ವೋಲ್ಟ್ ಸಾಕು. ತಿರುಗಿಸುವ ಬಲಕ್ಕೆ ಮಿತಿಯಿಡುವ ಅದರ ಕ್ಲಚ್ಚಿಗಾಗಿ ಈ ಮಾತು. ಅಡುಗೆಮನೆಯ ಕಪಾಟುಗಳು ಬಹುಪಾಲು ಪಾರ್ಟಿಕಲ್ ಬೋರ್ಡ್, ಎಂಡಿಎಫ್ (ಎರಡೂ ಮರದ ಚೂರು, ನಾರು ಒತ್ತಿ ಮಾಡಿದ ಹಲಗೆಗಳು), ಪ್ಲೈವುಡ್‌ನವು. ಬಾಗಿಲ ಕೀಲಿಗೆ (ಹಿಂಜ್) ಹಾಕುವುದು 16 ಮಿ.ಮೀ. ಸ್ಕ್ರೂ. ಅಲ್ಲಿ ಇಂಪ್ಯಾಕ್ಟ್ ಡ್ರೈವರ್ ಅರೆ ಕ್ಷಣ ಹೆಚ್ಚು ಒತ್ತಿದರೂ ತೂತಿನ ಒಳಗೆಲ್ಲ ಪುಡಿಯಾಗಿ ಸ್ಕ್ರೂ ಸುಮ್ಮನೆ ಸುತ್ತುತ್ತದೆ. ಕ್ಲಚ್ಚಾದರೆ ಇಟ್ಟ ಮಿತಿಗೆ ಕಟಕಟ ಎಂದು ಜಾರಿ ನಿಲ್ಲುತ್ತದೆ. ಕ್ಲಚ್ಚಿನ ಬಳೆಯನ್ನು 3 ಅಥವಾ 4ರಲ್ಲಿಟ್ಟು ಅದೇ ಬೋರ್ಡಿನ ಚೂರಿನ ಮೇಲೆ ನೋಡಿ, ಸ್ಕ್ರೂವಿನ ತಲೆ ಮಟ್ಟಸವಾಗುವವರೆಗೆ ಒಂದೊಂದೇ ಅಂಕಿ ಏರಿಸಿ. ಈ ಅಂಕಿಗಳಿಗೆ ಕಂಪನಿಯಿಂದ ಕಂಪನಿಗೆ ತಾಳೆಯಿಲ್ಲ. ಡ್ರಿಲ್ ಬಿಟ್ಟಿನ ಚಿತ್ರಕ್ಕೆ ತಿರುಗಿಸಿದರೆ ಕ್ಲಚ್ ಕೆಲಸ ಮಾಡುವುದೇ ಇಲ್ಲ. ಅಲ್ಲಿಟ್ಟು ಸ್ಕ್ರೂ ಹಾಕಬೇಡಿ.

ತೇಗದ ಬಾಗಿಲಿನ ಮೆದು ಹಿತ್ತಾಳೆ ಸ್ಕ್ರೂಗಳ ಹತ್ತಿರ ಇಂಪ್ಯಾಕ್ಟ್ ಡ್ರೈವರ್ ತರಲೇಬಾರದು. ತೂತು ಕೊರೆದು, ಅದೇ ಅಳತೆಯ ಉಕ್ಕಿನ ಸ್ಕ್ರೂ ಒಮ್ಮೆ ಹಾಕಿ ತೆಗೆಯಿರಿ. ಆಮೇಲೆ ಹಿತ್ತಾಳೆಯದಕ್ಕೆ ಮೇಣ ಸವರಿ ಡ್ರಿಲ್ಲಿನಲ್ಲಿ ಇಳಿಸಿ, ಕೊನೆಯ ಸುತ್ತು ಕೈಯಲ್ಲೇ. ಸೋಪು ಬೇಡ, ತೇವ ಎಳೆಯುತ್ತದೆ.

ಇಂಪ್ಯಾಕ್ಟ್ ಡ್ರೈವರಿನ ಬಾಯಿ ಕಾಲಿಂಚಿನ ಷಟ್ಕೋನದ ಬಿಟ್ಟಿಗಷ್ಟೇ. ದುಂಡು ಕಾಲಿನ ಡ್ರಿಲ್ ಬಿಟ್ ಅದರಲ್ಲಿ ಕೂರುವುದಿಲ್ಲ. ಅಗ್ಗದ ಬಿಟ್ಟುಗಳು ಏಟಿಗೆ ಚೂರಾಗುತ್ತವೆ, ಇಂಪ್ಯಾಕ್ಟಿಗೆಂದೇ ಮಾಡಿದವನ್ನು ತನ್ನಿ. ಸ್ಕ್ರೂವಿನ ತಲೆಯನ್ನೂ ನೋಡಿಕೊಳ್ಳಿ: ಪ್ಲಸ್ ಗುರುತಿನ ಸಂದುಗಳಲ್ಲಿ ಸಣ್ಣ ಗೆರೆಗಳಿದ್ದರೆ ಅದು ಪೋಜಿಡ್ರೈವ್, ಪಿಝಡ್2 ಬಿಟ್ ಬೇಕು. ಮಾಮೂಲಿ ಪ್ಲಸ್ ತಲೆಗೆ (ಫಿಲಿಪ್ಸ್) ಬಳಸುವ ಪಿಎಚ್2 ಹಾಕಿದರೆ ತಲೆ ಸವೆದು ಬಿಚ್ಚಲೂ ಬಾರದು. ಮುಚ್ಚಿದ ಕೋಣೆಯಲ್ಲಿ ಇಂಪ್ಯಾಕ್ಟ್ ಡ್ರೈವರ್ ಓಡಿಸುವಾಗ ಕಿವಿಗೆ ಪ್ಲಗ್ ಇರಲಿ, ಸದ್ದು 90 ಡೆಸಿಬೆಲ್ ಮೀರುತ್ತದೆ.