ಹೊರಡುವ ಹೊತ್ತನ್ನು ನೀರು ಹೇಳುತ್ತದೆ

ಕರಾವಳಿ ಪಾರ್ಕಿನಲ್ಲಿ ಕಯಾಕ್ ಗೈಡ್ ಕೆಲಸ ನನ್ನದು. ಬಂದವರೆಲ್ಲ ಮೊದಲು ಕೇಳುವುದು ಒಂದೇ: "ಬೆಳಿಗ್ಗೆ ಎಷ್ಟು ಗಂಟೆಗೆ ಹೊರಡೋದು?" ಇದಕ್ಕೆ ನಿನ್ನೆ ಕೊಟ್ಟ ಉತ್ತರ ಇವತ್ತು ನಡೆಯುವುದಿಲ್ಲ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಹಾಗಾಗಿ ನಾವು ಮೊದಲು ನೋಡುವುದು ಉಬ್ಬರ ಇಳಿತದ ಪಟ್ಟಿ. ದೋಣಿ, ಟೆಂಟು, ಹಕ್ಕಿ, ಮೂರಕ್ಕೂ ಅದೊಂದೇ ಪಟ್ಟಿ ಸಾಕು.

ಪಟ್ಟಿಯಲ್ಲಿ ಎರಡು ಹೊತ್ತು ಮಾತ್ರ ಬರೆದಿರುತ್ತಾರೆ, ನೀರು ತುಂಬುವುದು ಮತ್ತು ಇಳಿಯುವುದು. ನಮ್ಮ ಕೆಲಸ ಇರುವುದು ಇವೆರಡರ ನಡುವೆ. ದಿನಕ್ಕೆ ಎರಡು ಸಲ ಉಬ್ಬರ ಬರುವ ಕಡೆ ನೀರು ಇಳಿಯಲು ಆರು ಗಂಟೆಗಿಂತ ತುಸು ಜಾಸ್ತಿ ಬೇಕು. ಆದರೆ ಒಂದೇ ವೇಗದಲ್ಲಿ ಇಳಿಯುವುದಿಲ್ಲ. ಇಳಿಯುವ ನೀರನ್ನು 12 ಪಾಲು ಮಾಡಿಕೊಳ್ಳಿ. ಮೊದಲ ಗಂಟೆ 1 ಪಾಲು, ಎರಡನೇ ಗಂಟೆ 2, ಮೂರು ಮತ್ತು ನಾಲ್ಕನೇ ಗಂಟೆ ತಲಾ 3, ಆಮೇಲೆ 2, ಕೊನೆಗೆ 1. ಉಬ್ಬರಕ್ಕೂ ಇಳಿತಕ್ಕೂ ನೀರಿನ ಮಟ್ಟದ ವ್ಯತ್ಯಾಸ 3 ಮೀಟರ್ ಇದ್ದರೆ ಮೂರನೇ ಗಂಟೆಯೊಂದರಲ್ಲೇ ಮುಕ್ಕಾಲು ಮೀಟರ್ ನೀರು ಇಳಿದುಬಿಡುತ್ತದೆ. ಇದು ಅಂದಾಜು ಲೆಕ್ಕ, ಜಾಗ ಬದಲಾದರೆ ಇದೂ ಬದಲಾಗುತ್ತದೆ. ಆದರೂ ಅಳಿವೆಯ ಬಾಯಿಯಲ್ಲಿ ಸೆಳೆತ ಯಾವಾಗ ಜೋರಾಗಿರುತ್ತದೆ ಎಂಬುದು ಇದರಿಂದ ಹೊಳೆಯುತ್ತದೆ.

ಇದಕ್ಕೆ ಗಾಳಿಯನ್ನೂ ಸೇರಿಸಿ. ಬಿಸಿಲೇರಿದ ಮೇಲೆ ಸಮುದ್ರದಿಂದ ದಡಕ್ಕೆ ಗಾಳಿ ಬೀಸುತ್ತದೆ. ಅದೇ ಹೊತ್ತಿಗೆ ಇಳಿತದ ನೀರು ಎದುರಿಗೆ ಹೊರಹೋಗುತ್ತಿದ್ದರೆ ಅಳಿವೆ ಬಾಯಲ್ಲಿ ಅಲೆಗಳು ಗಿಡ್ಡವಾಗಿ, ಕಡಿದಾಗಿ ಏಳುತ್ತವೆ. ಹೊಸಬರ ಕಯಾಕ್ ಮಗುಚುವುದು ಇಂಥಲ್ಲೇ. ದಡದಿಂದ ಸಮುದ್ರದ ಕಡೆ ಬೀಸುವ ಗಾಳಿ ಇನ್ನೂ ಮೋಸದ್ದು. ದಡದ ಹತ್ತಿರ ನೀರು ಸುಮ್ನೆ ಮಲಗಿದ ಹಾಗೆ ಕಾಣುತ್ತದೆ, ಸ್ವಲ್ಪ ದೂರ ಹೋದ ಮೇಲೆ ತಿರುಗಿ ಬರಲು ಬಿಡುವುದಿಲ್ಲ. ಅದಕ್ಕೇ ಕಷ್ಟದ ದಾರಿಯನ್ನು ಮೊದಲು ಮುಗಿಸುತ್ತೇವೆ, ವಾಪಸ್ ಬರುವಾಗ ಗಾಳಿಯೋ ನೀರೋ ಬೆನ್ನಿಗಿರಬೇಕು. ಮೊದಲೇ ಬೆವರಿಳಿಸಿದರೆ ಕೆಲವರು ಗೊಣಗುತ್ತಾರೆ. ಗೊಣಗಲಿ.

ಟೆಂಟ್ ವಿಷಯ ಇಷ್ಟು ದೊಡ್ಡದಲ್ಲ. ಮರಳಿನ ಮೇಲೆ ಒಣ ಪಾಚಿ, ಕಡ್ಡಿ, ಕಸದ ಗೆರೆ ಕಾಣುತ್ತದಲ್ವಾ, ನೀರು ಅಲ್ಲಿಯವರೆಗೆ ಬಂದಿದೆ ಎಂದರ್ಥ. ಟೆಂಟ್ ಅದಕ್ಕಿಂತ ಮೇಲಿರಲಿ. ಅಮಾವಾಸ್ಯೆ ಅಥವಾ ಹುಣ್ಣಿಮೆ ಹತ್ತಿರವಿದ್ದರೆ ಇನ್ನೂ ಮೇಲೆ ಹೋಗಿ, ಆಗ ಉಬ್ಬರ ದೊಡ್ಡದು. ಗೂಟ ಮರಳಿನಲ್ಲಿ ನಿಲ್ಲುವುದಿಲ್ಲ. ಚೀಲಕ್ಕೆ ಮರಳು ತುಂಬಿ, ಹಗ್ಗ ಕಟ್ಟಿ, ಹೂತರೆ ಅಲುಗಾಡುವುದಿಲ್ಲ. ಆಮೆ ಮೊಟ್ಟೆಯಿಡುವ ದಡವಾದರೆ ರಾತ್ರಿ ಟಾರ್ಚ್ ಬೆಳಗಿಸಬೇಡಿ, ಮರಿಗಳು ಬೆಳಕಿನ ಕಡೆ ತಿರುಗಿ ಸಮುದ್ರದ ದಾರಿ ತಪ್ಪುತ್ತವೆ.

ಹಕ್ಕಿ ನೋಡಲು ಬಂದವರು ನೀರು ಪೂರ್ತಿ ಇಳಿದಾಗ ಹೊರಡಲು ನೋಡುತ್ತಾರೆ. ಆಗ ಹಕ್ಕಿಗಳು ದೂರದ ಕೆಸರಿನಲ್ಲಿ ಚುಕ್ಕೆಗಳಾಗಿರುತ್ತವೆ. ನೀರು ಏರುವಾಗ ಒಂದು ಕಡೆ ಕೂತಿರಿ, ಮೇವಿನ ಜಾಗ ಮುಳುಗುತ್ತಾ ಬಂದಂತೆ ಅವೇ ಹತ್ತಿರ ಬರುತ್ತವೆ. ಉಬ್ಬರ ತುಂಬಿದ ಮೇಲೆ ಗುಂಪಾಗಿ ವಿಶ್ರಾಂತಿಗೆ ನಿಲ್ಲುತ್ತವೆ. ಆ ಗುಂಪಿನ ಕಡೆ ಕಯಾಕ್ ತಿರುಗಿಸಲು ನಾನು ಯಾರಿಗೂ ಬಿಡುವುದಿಲ್ಲ. 2022ರಲ್ಲಿ ಟ್ಯಾಗ್ ಹಾಕಿದ್ದ ಗಾಡ್‌ವಿಟ್ ಎಂಬ ವಲಸೆ ಹಕ್ಕಿಯ ಒಂದು ಮರಿ ಅಲಾಸ್ಕಾದಿಂದ ಟಾಸ್ಮೇನಿಯಾಕ್ಕೆ ಎಲ್ಲೂ ಇಳಿಯದೆ ಸುಮಾರು 13,560 ಕಿಲೋಮೀಟರ್ ಹಾರಿತು. ಅಷ್ಟು ದೂರಕ್ಕೆ ಬೇಕಾದ ಕೊಬ್ಬನ್ನು ಇವು ಇಂಥ ಕೆಸರಿನಲ್ಲೇ ಕೂಡಿಟ್ಟುಕೊಳ್ಳುತ್ತವೆ. ಫೋಟೋಗಾಗಿ ಎಬ್ಬಿಸಿದರೆ ಅದು ಕರಗುತ್ತದೆ. ತಿನ್ನುವುದು ನಿಲ್ಲಿಸಿ ತಲೆ ಎತ್ತಿದವೆಂದರೆ ನೀವು ಆಗಲೇ ಹತ್ತಿರ ಬಂದಾಯಿತು.

ಬುಕಿಂಗ್ ನೋಡಿಕೊಳ್ಳುವವರಿಗೆ ಇದೆಲ್ಲ ತಲೆನೋವು, ಅವರಿಗೆ ದಿನಾ ಒಂದೇ ಸಮಯ ಬೇಕು. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಚೀಟಿಯಲ್ಲಿ ತಾರೀಖು ಮಾತ್ರ ಇರುತ್ತದೆ. ಗಂಟೆಯನ್ನು ಹಿಂದಿನ ಸಂಜೆ, ಗಾಳಿಯ ಮುನ್ಸೂಚನೆ ನೋಡಿಕೊಂಡು ಗೈಡ್ ಫೋನ್ ಮಾಡಿ ತಿಳಿಸುತ್ತಾರೆ.