ಕೆಫೆಯಲ್ಲಿ ಹೊಳೆದ ದಾರಿ

ಮ್ಯಾಪ್‌ನಲ್ಲಿ ಹತ್ತಿರದ ದಾರಿ ಹುಡುಕುತ್ತೀವಲ್ಲ, ಅದರ ಮೂಲ ಉಪಾಯ ನೆದರ್‌ಲೆಂಡ್ಸ್‌ನ ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ ಅವರದ್ದು. 1956ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ, ಮದುವೆ ಆಗಬೇಕಿದ್ದ ಹುಡುಗಿ ಜೊತೆ ಶಾಪಿಂಗ್ ಮಾಡಿ ಸುಸ್ತಾಗಿ, ಕೆಫೆಯಲ್ಲಿ ಕಾಫಿ ಕುಡಿಯುತ್ತಾ ಕೂತಾಗ, ಪೆನ್ನು ಕಾಗದ ಏನೂ ಇಲ್ಲದೆ, ಸುಮಾರು 20 ನಿಮಿಷದಲ್ಲಿ ಹೊಳೆದದ್ದಂತೆ. ಹೊರಟಲ್ಲಿಂದ ಅತಿ ಹತ್ತಿರದ ಊರನ್ನು ಮೊದಲು ಖಚಿತ ಮಾಡಿಕೊಳ್ಳಿ, ಅದರ ಮೂಲಕ ಉಳಿದ ಊರುಗಳ ದೂರ ಕಡಿಮೆಯಾದರೆ ತಿದ್ದಿಕೊಳ್ಳಿ, ಮತ್ತೆ ಉಳಿದವುಗಳಲ್ಲಿ ಹತ್ತಿರದ್ದನ್ನು ಹಿಡಿಯಿರಿ. ಅಷ್ಟೇ! ಪ್ರಕಟವಾಗಿದ್ದು ಮಾತ್ರ 1959ರಲ್ಲಿ.

1957ರಲ್ಲಿ ಮದುವೆ. ಮದುವೆ ದಾಖಲೆಯಲ್ಲಿ ಕಸುಬು 'ಪ್ರೋಗ್ರಾಮರ್' ಅಂತ ಬರೆದರೆ, ಅಂಥ ಕೆಲಸವೇ ಇಲ್ಲ ಅಂತ ಅಧಿಕಾರಿಗಳು ಒಪ್ಪಲಿಲ್ಲ. ಕೊನೆಗೆ ಭೌತವಿಜ್ಞಾನಿ ಅಂತ ಬರೆಸಬೇಕಾಯ್ತು, ತಮಾಷೆ ಅಲ್ವಾ? 1972ರಲ್ಲಿ, ಕಂಪ್ಯೂಟರ್ ವಿಜ್ಞಾನದ ಅತಿ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಬಂತು. ನನಗೆ ಜಾಸ್ತಿ ಇಷ್ಟ ಅವರ ಟಿಪ್ಪಣಿಗಳು. ಫೌಂಟನ್ ಪೆನ್ನಲ್ಲಿ ಬರೆದು, ಝೆರಾಕ್ಸ್ ಮಾಡಿಸಿ ಪರಿಚಿತರಿಗೆ ಕಳಿಸುತ್ತಿದ್ದರು, 1300ಕ್ಕೂ ಹೆಚ್ಚು.