ಹಾಡು ಜೋರು ಮಾಡುವ ಮುಂಚೆ ಗಾಳಿ ಸದ್ದು ಇಳಿಸಿ

ಬೆಂಗಳೂರಿನ ಜೆ.ಸಿ. ರಸ್ತೆಯ ಒಂದು ಹೆಲ್ಮೆಟ್ ಅಂಗಡಿಯಲ್ಲಿ ನನ್ನ ಕೆಲಸ. ಹೆಲ್ಮೆಟ್ ಮಾರುತ್ತೇನೆ, ವೈಸರ್ ಬದಲಾಯಿಸುತ್ತೇನೆ, ಹೆಲ್ಮೆಟ್ ಒಳಗೆ ಬ್ಲೂಟೂತ್ ಸ್ಪೀಕರ್, ಸವಾರರು ಒಬ್ಬರಿಗೊಬ್ಬರು ಮಾತಾಡುವ ಇಂಟರ್‌ಕಾಮ್ ಕೂರಿಸಿಕೊಡುತ್ತೇನೆ. ಸ್ಪೀಕರ್ ಹಾಕಿಸೋಕೆ ಬರುವವರ ಮೊದಲ ಮಾತು ಹೆಚ್ಚುಕಡಿಮೆ ಒಂದೇ: "ಅಣ್ಣಾ, ಇದರಲ್ಲಿ ಸೌಂಡ್ ಜೋರಾಗಿ ಬರುತ್ತಾ?" ಈಗಾಗಲೇ ಹಾಕಿಸಿಕೊಂಡವರ ದೂರೂ ಹೆಚ್ಚುಕಡಿಮೆ ಒಂದೇ: "ಊರೊಳಗೆ ಚೆನ್ನಾಗಿ ಕೇಳತ್ತೆ. ಹೆಬ್ಬಾಳ ದಾಟಿ ಏರ್‌ಪೋರ್ಟ್ ರೋಡ್ ಹತ್ತಿದ್ರೆ ಏನೂ ಕೇಳಲ್ಲ."

ಈ ಕೆಲಸದಲ್ಲಿ ನಾನು ಕಲಿತ ದೊಡ್ಡ ಪಾಠ ಈ ದೂರಿನದ್ದೇ. ತಪ್ಪು ಸ್ಪೀಕರ್‌ನದ್ದಾಗಿರುವುದು ಬಹಳ ಕಮ್ಮಿ. ವೇಗ ಏರಿದಾಗ ಹೆಲ್ಮೆಟ್ ಒಳಗೆ ಕೇಳುವ ಗಾಳಿ ಸದ್ದು ಹಾಡನ್ನು ಮುಚ್ಚಿಹಾಕುತ್ತದೆ. ಗಾಳಿ ಸದ್ದನ್ನು ಇಳಿಸಿಕೊಟ್ಟರೆ ಇರುವ ಸ್ಪೀಕರ್ರೇ ಸಾಕಾಗುತ್ತದೆ. ಇಳಿಸದೆ ಎಷ್ಟು ದುಬಾರಿ ಸ್ಪೀಕರ್ ಹಾಕಿದರೂ ಗಿರಾಕಿ ಅದೇ ದೂರು ಹೊತ್ತುಕೊಂಡು ಮತ್ತೆ ಬರುತ್ತಾರೆ. ಹಾಗಾಗಿ ಈಗ ಯಾರು ಸ್ಪೀಕರ್ ಕೇಳಿದರೂ ನಾನು ಮೊದಲು ಅವರ ಹೆಲ್ಮೆಟ್ ಕೈಗೆ ತೆಗೆದುಕೊಳ್ಳುತ್ತೇನೆ. ಆಮೇಲೆ ಹೊರಗೆ ಹೋಗಿ ಗಾಡಿ ನೋಡುತ್ತೇನೆ. ಸ್ಪೀಕರ್ ಡಬ್ಬ ತೆಗೆಯುವುದು ಕೊನೆಗೆ.

ಸದ್ದಿನ ಲೆಕ್ಕ ಸ್ವಲ್ಪ ಹೇಳಲೇಬೇಕು. ಸುಮಾರು 60 ಕಿ.ಮೀ. ವೇಗದ ತನಕ ಇಂಜಿನ್, ಸೈಲೆನ್ಸರ್ ಸದ್ದು ಕಿವಿಗೆ ಬೀಳುತ್ತಿರುತ್ತದೆ. ಅಲ್ಲಿಂದ ಮೇಲೆ ಗಾಳಿಯದೇ ಕಾರುಬಾರು. 100 ಕಿ.ಮೀ. ಆಸುಪಾಸಿನಲ್ಲಿ ಒಳ್ಳೆಯ ಫುಲ್ ಫೇಸ್ ಹೆಲ್ಮೆಟ್ ಒಳಗೂ 95 ಡೆಸಿಬೆಲ್ (ಸದ್ದಿನ ಅಳತೆ) ಹತ್ತಿರ, ಎಷ್ಟೋ ಸಲ ಅದಕ್ಕಿಂತ ಜಾಸ್ತಿಯೇ ಇರುತ್ತದೆ. ಕಾರ್ಖಾನೆ ಕೆಲಸಗಾರರ ಕಿವಿಗಾಗಿ ಅಮೆರಿಕದ ನಯೋಶ್ (NIOSH) ಸಂಸ್ಥೆ ಒಂದು ಮಿತಿ ಹಾಕಿದೆ. ದಿನಕ್ಕೆ 85 ಡೆಸಿಬೆಲ್ ಆದರೆ 8 ಗಂಟೆ. ಅಲ್ಲಿಂದ 3 ಡೆಸಿಬೆಲ್ ಏರಿದ ಹಾಗೆಲ್ಲಾ ಸಮಯ ಅರ್ಧಕ್ಕೆ ಇಳಿಯುತ್ತದೆ. 88ಕ್ಕೆ 4 ಗಂಟೆ, 91ಕ್ಕೆ 2, 94ಕ್ಕೆ 1. 100 ಡೆಸಿಬೆಲ್ ಆದರೆ ಬರೀ 15 ನಿಮಿಷ. ಇದು ಗಾಳಿ ಒಂದರದೇ ಲೆಕ್ಕ. ಹಾಡು ಕೇಳಬೇಕಾದರೆ ಅದು ಗಾಳಿಗಿಂತ ಮೇಲೆ ಏಳಬೇಕು. ಅಂದರೆ 95ರ ಗಾಳಿಯ ಮೇಲೆ ಹಾಡು ಕೇಳುವವರು ತಮ್ಮ ಕಿವಿಯನ್ನು 100ರ ಹತ್ತಿರಕ್ಕೆ ತಾವೇ ತಳ್ಳುತ್ತಿದ್ದಾರೆ. ಭಾನುವಾರ ನಂದಿ ಬೆಟ್ಟಕ್ಕೆ ಹೋಗಿ ಬಂದು ಮನೆಯಲ್ಲಿ ಕೂತಾಗ ಕಿವಿ ಗುಂಯ್ ಅನ್ನುತ್ತಿದ್ದರೆ ಅದನ್ನು ಸುಮ್ನೆ ಸುಸ್ತು ಅಂದುಕೊಳ್ಳಬೇಡಿ. ಕಿವಿಗೆ ಪೆಟ್ಟು ಬಿದ್ದಿದೆ ಅಂತ ಅರ್ಥ. ಸಾಮಾನ್ಯವಾಗಿ ಒಂದು ದಿನದಲ್ಲಿ ಅದು ಸರಿಹೋಗುತ್ತದೆ. ಪದೇ ಪದೇ ಆದರೆ ಹೋದದ್ದು ವಾಪಸ್ ಬರುವುದಿಲ್ಲ.

ಕೆಲವು ಇಂಟರ್‌ಕಾಮ್‌ಗಳಲ್ಲಿ ವೇಗ ಹೆಚ್ಚಿದ ಹಾಗೆ ವಾಲ್ಯೂಮ್ ತಾನಾಗಿಯೇ ಏರುವ ಸೆಟ್ಟಿಂಗ್ ಇರುತ್ತದೆ. ಇದು ಬಹಳ ಜನಕ್ಕೆ ಇಷ್ಟ. ನಾನು ಮಾತ್ರ ಅದನ್ನು ಆಫ್ ಮಾಡಿಯೇ ಕೊಡುತ್ತೇನೆ. ವಾಲ್ಯೂಮ್ ಎಷ್ಟಿದೆ ಅನ್ನುವುದು ನಿಮ್ಮ ಬೆರಳಿಗೆ ಗೊತ್ತಿರಬೇಕು.

ಇನ್ನು ಗಾಳಿ ಎಲ್ಲಿಂದ ಸದ್ದು ಮಾಡುತ್ತದೆ ಅನ್ನುವುದು. ಎದುರಿಗೆ ವೈಸರ್‌ಗೆ ಹೊಡೆಯುವ ಗಾಳಿಯೇ ಸದ್ದು ಅಂತ ಹೆಚ್ಚಿನವರು ತಿಳಿದಿರುತ್ತಾರೆ. ಅಸಲಿಗೆ ದೊಡ್ಡ ಸದ್ದು ಏಳುವುದು ಹೆಲ್ಮೆಟ್‌ನ ಕೆಳಗಿನ ಅಂಚಿನಲ್ಲಿ, ಗದ್ದ ಮತ್ತು ಕತ್ತಿನ ಹತ್ತಿರ. ಖಾಲಿ ಬಾಟಲಿಯ ಬಾಯಿಗೆ ಅಡ್ಡಲಾಗಿ ಊದಿದರೆ ಹೇಗೆ ಭೋಂ ಅನ್ನುತ್ತದೋ ಹಾಗೆ. ಸದ್ದು ಕಿವಿಗೆ ಹೋಗುವುದೂ ಅದೇ ದಾರಿಯಲ್ಲಿ, ಕೆನ್ನೆ ಪ್ಯಾಡ್ ಕೆಳಗಿನ ಸಂದಿಯಿಂದ. ಅದಕ್ಕೇ ನಾನು ಮೊದಲು ನೋಡುವುದು ಕೆನ್ನೆ.

ನಮ್ಮಲ್ಲಿ ಒಂದು ಸೈಜ್ ದೊಡ್ಡದು ತೆಗೆದುಕೊಳ್ಳುವ ಅಭ್ಯಾಸ ಜಾಸ್ತಿ. ಅಂಗಡಿಯಲ್ಲಿ ಹಾಕಿಕೊಂಡಾಗ ಕೆನ್ನೆ ಒತ್ತುತ್ತದೆ, "ಟೈಟ್ ಆಯ್ತಣ್ಣ, ಇನ್ನೊಂದು ಸೈಜ್ ಕೊಡಿ" ಅನ್ನುತ್ತಾರೆ. ಹೊಸ ಪ್ಯಾಡ್ ಕೆಲವೇ ವಾರದಲ್ಲಿ ಮೆತ್ತಗಾಗುತ್ತದೆ. ದೊಡ್ಡದು ತೆಗೆದುಕೊಂಡವರಿಗೆ ಆಗ ಹೆಲ್ಮೆಟ್ ಅಲ್ಲಾಡಲು ಶುರು. ನಾನು ಮಾಡುವ ಪರೀಕ್ಷೆ ಸುಲಭ. ಪಟ್ಟಿ ಬಿಗಿ ಮಾಡಿಸಿ, ಹೆಲ್ಮೆಟ್ ಎರಡೂ ಕೈಯಲ್ಲಿ ಹಿಡಿದು ನಿಧಾನಕ್ಕೆ ಎಡಕ್ಕೆ ಬಲಕ್ಕೆ ತಿರುಗಿಸುತ್ತೇನೆ. ಕೆನ್ನೆಯ ಚರ್ಮವೂ ಜೊತೆಗೆ ಎಳೆದುಕೊಂಡು ಬರಬೇಕು. ಹೆಲ್ಮೆಟ್ ತಿರುಗಿ ಕೆನ್ನೆ ಅಲ್ಲೇ ಉಳಿದರೆ ಅದು ಅವರ ಸೈಜ್ ಅಲ್ಲ. ಕೆಲವು ಕಂಪನಿಯ ಹೆಲ್ಮೆಟ್‌ಗೆ ದಪ್ಪ ಕೆನ್ನೆ ಪ್ಯಾಡ್ ಬೇರೆಯಾಗಿ ಸಿಗುತ್ತದೆ. ಹಳೇ ಹೆಲ್ಮೆಟ್‌ನ ಸದ್ದು ಇಳಿಸೋಕೆ ಅದೊಂದೇ ಸಾಕಾದ ಗಿರಾಕಿಗಳು ಇದ್ದಾರೆ. ಕನ್ನಡಕ ಹಾಕುವವರಿಗೆ ಕಡ್ಡಿಯ ಪಕ್ಕದಲ್ಲಿ ಸಣ್ಣ ಸಂದಿ ಉಳಿಯುತ್ತದೆ, ತೆಳು ಕಡ್ಡಿಯ ಕನ್ನಡಕವಾದರೆ ಕಮ್ಮಿ. ಜುಟ್ಟು ಎತ್ತರಕ್ಕೆ ಕಟ್ಟಿಕೊಂಡು ಹೆಲ್ಮೆಟ್ ಹಾಕಿದರೆ ಅದು ಮುಂದಕ್ಕೆ ವಾಲಿ ಹಿಂದೆ ಬಾಯಿ ತೆರೆಯುತ್ತದೆ. ಜಡೆ ಕತ್ತಿನ ಹತ್ತಿರ ಕೆಳಗಿದ್ದರೆ ಒಳ್ಳೆಯದು.

ಆಮೇಲೆ ಗದ್ದದ ಕೆಳಗಿನ ಬಟ್ಟೆ ಪರದೆ. ಕೆಲವು ಹೆಲ್ಮೆಟ್‌ಗಳ ಡಬ್ಬದಲ್ಲೇ ಬಂದಿರುತ್ತದೆ, ಎಷ್ಟೋ ಜನ ಅದನ್ನು ಹಾಕಿಕೊಂಡೇ ಇರುವುದಿಲ್ಲ. ಅದನ್ನು ಸಿಕ್ಕಿಸಿ, ಕತ್ತಿಗೆ ಒಂದು ಬಟ್ಟೆಯ ಪಟ್ಟಿ ಸುತ್ತಿಕೊಂಡರೆ ಕೆಳಗಿನ ಗಾಳಿ ಬಹಳಷ್ಟು ನಿಲ್ಲುತ್ತದೆ. ದುಡ್ಡಿಲ್ಲದ ಕೆಲಸ ಇದು.

ವೈಸರ್‌ಗೆ ಕಾಗದದ ಪರೀಕ್ಷೆ. ಬಿಲ್ ಪುಸ್ತಕದಿಂದ ಒಂದು ಚೂರು ಹರಿದು, ವೈಸರ್ ಮತ್ತು ರಬ್ಬರ್ ಬೀಡಿಂಗ್ ನಡುವೆ ಇಟ್ಟು ಮುಚ್ಚಿ ಎಳೆಯುತ್ತೇನೆ. ತಡೆದು ತಡೆದು ಬಂದರೆ ಸರಿ. ಸಲೀಸಾಗಿ ಜಾರಿ ಬಂದರೆ ಅಲ್ಲಿಂದ ಗಾಳಿ ನುಗ್ಗುತ್ತಿದೆ. ಮೇಲೆ, ಎಡಕ್ಕೆ, ಬಲಕ್ಕೆ ಹೀಗೆ ಸುತ್ತಲೂ ನೋಡಬೇಕು. ಎಷ್ಟೋ ಹೆಲ್ಮೆಟ್‌ಗಳಲ್ಲಿ ವೈಸರ್ ಕೂರುವ ಪ್ಲೇಟ್‌ನ ಸ್ಕ್ರೂ ತೂತು ಉದ್ದವಾಗಿರುತ್ತದೆ. ಸ್ಕ್ರೂ ಸಡಿಲ ಮಾಡಿ, ಪ್ಲೇಟ್ ಒಂದು ಕೂದಲೆಳೆಯಷ್ಟು ಹಿಂದಕ್ಕೆ ಸರಿಸಿ ಬಿಗಿ ಮಾಡಿದರೆ ವೈಸರ್ ರಬ್ಬರ್‌ಗೆ ಒತ್ತಿ ಕೂರುತ್ತದೆ. ಕಾಗದ ಆಗ ಹರಿದೇ ಬರುತ್ತದೆ. ಸಿಳ್ಳೆ ಹೊಡೆದ ಹಾಗೆ ಕೀಚಲು ಸದ್ದು ಬರುವ ಹೆಲ್ಮೆಟ್‌ಗಳಲ್ಲಿ ಹೆಚ್ಚಿನವು ಇಲ್ಲೇ ಸರಿಹೋಗುತ್ತವೆ. ಉಳಿದವುಗಳಲ್ಲಿ ಮೇಲಿನ ಗಾಳಿ ಕಿಂಡಿ ಅರ್ಧ ತೆರೆದಿರುತ್ತದೆ. ಪೂರ್ತಿ ತೆರೆಯಿರಿ ಇಲ್ಲಾ ಪೂರ್ತಿ ಮುಚ್ಚಿ.

ಇಷ್ಟಾದರೂ ಸದ್ದು ಇಳಿಯದಿದ್ದರೆ ಗಾಡಿಯ ಕಡೆ ನೋಡಬೇಕು. ಇದು ನನಗೆ ಈ ಕೆಲಸದಲ್ಲಿ ಬಹಳ ತಡವಾಗಿ ತಿಳಿದ ವಿಷಯ. ಹೆಲ್ಮೆಟ್ ಅಂಗಡಿಯವರು ಗಾಡಿ ನೋಡುವ ರೂಢಿಯೇ ಇಲ್ಲವಲ್ಲ. ಮುಂದೆ ವಿಂಡ್‌ಶೀಲ್ಡ್ ಹಾಕಿಸಿದರೆ ಸದ್ದು ಕಮ್ಮಿ ಆಗುತ್ತದೆ ಅಂತ ಎಲ್ಲರ ನಂಬಿಕೆ. ಎದೆಗೆ ಹೊಡೆಯುವ ಗಾಳಿ ಕಮ್ಮಿ ಆಗುವುದು ನಿಜ. ಆದರೆ ಶೀಲ್ಡ್‌ನ ಮೇಲಂಚಿನಿಂದ ಹಾರಿದ ಗಾಳಿ ಸುಳಿಸುಳಿಯಾಗಿ ನೇರ ಹೆಲ್ಮೆಟ್‌ಗೆ ಬಡಿದರೆ ಸದ್ದು ಮೊದಲಿಗಿಂತ ಜಾಸ್ತಿ. ಕಂಡುಹಿಡಿಯೋಕೆ ಒಂದು ದಾರಿ ಇದೆ. ಖಾಲಿ ನೇರ ರಸ್ತೆಯಲ್ಲಿ, ಒಂದೇ ವೇಗದಲ್ಲಿ, ಫುಟ್‌ರೆಸ್ಟ್ ಮೇಲೆ ಸ್ವಲ್ಪ ಎದ್ದು ನಿಂತು ನೋಡಿ. ನಿಂತಾಗ ಸದ್ದು ತಟ್ಟನೆ ಇಳಿದರೆ ಶೀಲ್ಡ್ ನಿಮಗೆ ಗಿಡ್ಡ ಅಥವಾ ಅದರ ಕೋನ ಸರಿಯಿಲ್ಲ. ಕೂತು ಬಗ್ಗಿದಾಗ ಇಳಿದರೂ ಅದೇ ಅರ್ಥ. ಕೆಲವರಿಗೆ ಶೀಲ್ಡ್ ಪೂರ್ತಿ ಬಿಚ್ಚಿಬಿಡಿ ಅಂತಲೇ ಹೇಳಿದ್ದೇನೆ. ಅಡ್ಡಿಯಿಲ್ಲದೆ ಬರುವ ಗಾಳಿ ಸುಳಿಗಾಳಿಗಿಂತ ಎಷ್ಟೋ ವಾಸಿ.

ಇನ್ನು ಕಿವಿಗೆ ಹಾಕುವ ಫೋಮ್ ಇಯರ್‌ಪ್ಲಗ್. ಇದನ್ನು ನನಗೆ ಸರಿಯಾಗಿ ಹೇಳಿಕೊಟ್ಟವರು ಪೀಣ್ಯದಲ್ಲಿ ತಗಡು ಒತ್ತುವ ಪ್ರೆಸ್ ಶಾಪ್ ಒಂದರಲ್ಲಿ ಕೆಲಸ ಮಾಡುವ ಒಬ್ಬ ಗಿರಾಕಿ. ದಿನವೆಲ್ಲಾ ಮೆಷಿನ್ ಮುಂದೆ ಅದನ್ನು ಹಾಕಿಕೊಂಡೇ ಇರುತ್ತಾರೆ. ನಮ್ಮ ಕೌಂಟರ್ ಮೇಲಿನ ಪ್ಲಗ್ ತೆಗೆದು, ಬೆರಳ ತುದಿಯಲ್ಲಿ ಬತ್ತಿಯಷ್ಟು ತೆಳ್ಳಗೆ ಹೊಸೆದರು. ಇನ್ನೊಂದು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಹಿಡಿದು, ಪ್ಲಗ್ ಒಳಗೆ ತೂರಿಸಿ, ಅರ್ಧ ನಿಮಿಷ ಬೆರಳು ಹಾಗೇ ಒತ್ತಿಟ್ಟುಕೊಂಡರು. ಅದು ಒಳಗೇ ಉಬ್ಬಿ ಕೂತಿತು. "ಹೊರಗಡೆ ತುಂಬಾ ಕಾಣ್ತಿದ್ರೆ ಹಾಕ್ಕೊಂಡಿಲ್ಲ ಅಂತ್ಲೇ ಲೆಕ್ಕ ಸರ್" ಅಂದರು. ಸರಿಯಾಗಿ ಕೂತರೆ 20 ಡೆಸಿಬೆಲ್ ಆದರೂ ಇಳಿಯುತ್ತದೆ. 95ರಿಂದ 20 ಕಳೆದು ನೋಡಿ. ಹೆಲ್ಮೆಟ್‌ಗೆ ಎಷ್ಟು ಸಾವಿರ ಸುರಿದರೂ ಇಷ್ಟು ಇಳಿಯುವುದಿಲ್ಲ.

"ಕಿವಿ ಮುಚ್ಚಿಕೊಂಡ್ರೆ ಹಾಡು ಹೇಗೆ ಕೇಳುತ್ತೆ?" ಸರಿಯಾದ ಪ್ರಶ್ನೆ. ಪ್ಲಗ್ ಗಾಳಿಯನ್ನೂ ಇಳಿಸುತ್ತದೆ, ಹಾಡನ್ನೂ ಇಳಿಸುತ್ತದೆ. ಆದರೆ ಜೋರು ಸದ್ದಿನ ಏಟು ತಪ್ಪಿದಾಗ ಕಿವಿಗೆ ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಸಿಗುತ್ತದೆ. ಹಾರ್ನ್ ಕೂಡ ಕೇಳುತ್ತದೆ. ಫೋಮ್‌ನಲ್ಲಿ ಒಂದು ಕೊರತೆ ಇದೆ, ಕೀಚಲು ಸ್ವರಗಳನ್ನು ಜಾಸ್ತಿ ತಿನ್ನುತ್ತದೆ, ಹಾಡು ಸ್ವಲ್ಪ ಮಂಕಾಗುತ್ತದೆ. ಹಾಡೇ ಮುಖ್ಯ ಅನ್ನುವವರಿಗೆ ಫಿಲ್ಟರ್ ಇರುವ ಸಿಲಿಕೋನ್ ಪ್ಲಗ್ ವಾಸಿ. ಬರೀ ಕಿವಿ ಉಳಿದರೆ ಸಾಕು ಅನ್ನುವವರಿಗೆ ಫೋಮ್.

ಇಷ್ಟು ಮುಗಿದ ಮೇಲೆ ಸ್ಪೀಕರ್. ಇಲ್ಲಿ ಜಾಗವೇ ಎಲ್ಲ. ಸುಮಾರು 40 ಮಿಲಿಮೀಟರ್ ಅಗಲದ ಬಿಲ್ಲೆ ಅದು. ಕಿವಿ ತೂತಿನ ಎದುರಿಗೇ ಕೂರಬೇಕು. ಹೆಲ್ಮೆಟ್‌ನಲ್ಲಿ ಕಿವಿಗಾಗಿ ಬಿಟ್ಟ ಗುಂಡಿ ಎಲ್ಲಿದೆಯೋ ಅಲ್ಲಿ ಅಂಟಿಸಿ ಮುಗಿಸುವುದು ಸುಲಭ. ಆದರೆ ಎಲ್ಲರ ಕಿವಿಯೂ ಆ ಗುಂಡಿಯ ನಡುವೆ ಇರುವುದಿಲ್ಲ. ನಾನು ಗಿರಾಕಿಗೆ ಹೆಲ್ಮೆಟ್ ಹಾಕಿಸಿ, ಕೆಳಗಿನಿಂದ ತೋರುಬೆರಳು ತೂರಿಸಿ ಕಿವಿ ತೂತಿನ ತನಕ ಹೋಗುತ್ತೇನೆ. ಹೆಲ್ಮೆಟ್ ಅಂಚಿಗೆ ತಾಗುವ ಗೆಣ್ಣನ್ನು ಗುರುತಿಟ್ಟುಕೊಂಡು, ಅದೇ ಅಳತೆಗೆ ಒಳಗೆ ಚಾಕ್‌ನಿಂದ ಗೀಚುತ್ತೇನೆ. ಸ್ಪೀಕರ್ ವೆಲ್ಕ್ರೋ ಮೇಲೆ ಕೂರಿಸಿ, ಹಾಡು ಹಾಕಿ, ಅರ್ಧರ್ಧ ಸೆಂಟಿಮೀಟರ್ ಸರಿಸುತ್ತಾ ಹೋದರೆ ಒಂದು ಕಡೆ ಅವರ ಕಣ್ಣು ಅರಳುತ್ತದೆ. "ಈಗ ಬಂತು!" ವಾಲ್ಯೂಮ್ ಅಷ್ಟೇ ಇರುತ್ತದೆ, ಬೇಸ್ ಇದ್ದಕ್ಕಿದ್ದಂತೆ ತುಂಬಿಕೊಂಡಿರುತ್ತದೆ. ಎಡ ಬಲ ಎರಡಕ್ಕೂ ಬೇರೆ ಬೇರೆ ಅಳತೆ ನೋಡಬೇಕು. ಸ್ಪೀಕರ್ ಕಿವಿಯಿಂದ ದೂರ ಉಳಿದರೆ ಹಿಂದೆ ಒಂದು ಸ್ಪಂಜಿನ ತುಂಡು ಇಟ್ಟು ಹತ್ತಿರ ತರಬೇಕು, ಕಿವಿಗೆ ಮಾತ್ರ ಒತ್ತಬಾರದು.

ಸ್ಪೀಕರ್‌ಗೆ ಜಾಗ ಸಾಲದು ಅಂತ ಒಳಗಿನ ಥರ್ಮಾಕೋಲ್ ಕೆತ್ತಿಸಿಕೊಂಡು ಬರುವವರನ್ನು ಕಂಡರೆ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಬಿದ್ದಾಗ ತಲೆ ಉಳಿಸುವುದೇ ಆ ಥರ್ಮಾಕೋಲ್. ಅದು ಅಮುಕಿಕೊಂಡು ಪೆಟ್ಟನ್ನು ಹೀರಿಕೊಳ್ಳಬೇಕು. ಅದನ್ನು ಯಾರು ಕೇಳಿದರೂ ನಾನು ಕೆತ್ತಿಕೊಡುವುದಿಲ್ಲ. ಐಎಸ್‌ಐ ಗುರುತಿಲ್ಲದ ಹೆಲ್ಮೆಟ್‌ಗೂ ಸ್ಪೀಕರ್ ಕೂರಿಸುವುದಿಲ್ಲ. 2021ರ ಜೂನ್ 1ರಿಂದ ಆ ಗುರುತಿಲ್ಲದ್ದನ್ನು ಮಾರುವುದೇ ಕಾನೂನಿಗೆ ವಿರುದ್ಧ. ಆದರೂ ಫುಟ್‌ಪಾತ್ ಮೇಲೆ ಸಿಗುತ್ತಲೇ ಇದೆ.

ಸಾಮಾನ್ಯ ಇಯರ್‌ಬಡ್ ಹಾಕಿಕೊಂಡು ಮೇಲೆ ಹೆಲ್ಮೆಟ್ ಹಾಕುವವರೂ ಬಹಳ. ಹೆಲ್ಮೆಟ್ ಎಳೆದುಕೊಳ್ಳುವಾಗ ಬಡ್ ಜರುಗುತ್ತದೆ, ಅರ್ಧ ಗಂಟೆಯಲ್ಲಿ ಕಿವಿ ನೋಯುತ್ತದೆ, ಬಿದ್ದರೆ ಗಟ್ಟಿ ಪ್ಲಾಸ್ಟಿಕ್ ಕಿವಿಯೊಳಗೇ ಇರುತ್ತದೆ. ಸದ್ದು ಅಳಿಸುವ ಬಡ್‌ಗಳು ವಿಮಾನದೊಳಗಿನ ಒಂದೇ ಸಮನೆ ಗುಂಯ್‌ಗುಡುವ ಸದ್ದಿಗೆ ಚೆನ್ನ. ಹೆಲ್ಮೆಟ್ ಒಳಗಿನ ಸುಳಿಗಾಳಿ ಅವುಗಳ ಮೈಕ್‌ಗೇ ಬಡಿದರೆ ಗೊಂದಲಕ್ಕೆ ಬೀಳುತ್ತವೆ. ನನ್ನ ಮತ ಸ್ಪೀಕರ್‌ಗೇ.

ಫೋನಿನ ಈಕ್ವಲೈಜರ್‌ನಲ್ಲಿ (ಸ್ವರಗಳನ್ನು ಏರಿಸಿ ಇಳಿಸುವ ಸೆಟ್ಟಿಂಗ್) ಬೇಸ್ ಸ್ವಲ್ಪ ಇಳಿಸಿ, ನಡುವಿನ ಸ್ವರಗಳನ್ನು ಏರಿಸಿ. ಗಾಳಿಯ ಸದ್ದು ಹೆಚ್ಚಾಗಿ ತಗ್ಗು ಸ್ವರದ್ದು, ಬೇಸ್ ಎಷ್ಟು ತಳ್ಳಿದರೂ ಅದರಲ್ಲಿ ಮುಳುಗಿಹೋಗುತ್ತದೆ. ಹಾಗಾಗಿ ಹೈವೇಯಲ್ಲಿ ಡಬ್ ಡಬ್ ಹಾಡುಗಳಿಗಿಂತ ಭಾವಗೀತೆ, ಕೊಳಲು ಇಂಥವು ಕಮ್ಮಿ ವಾಲ್ಯೂಮ್‌ನಲ್ಲೂ ಸ್ಪಷ್ಟವಾಗಿ ಕೇಳುತ್ತವೆ. ಕರಾವಳಿಯ ಗಿರಾಕಿಯೊಬ್ಬರು ಯಕ್ಷಗಾನ ಹಾಕಿ ನೋಡಿದರು. ಚಂಡೆ ಗಾಳಿಯನ್ನು ಸೀಳಿಕೊಂಡೇ ಬರುತ್ತದೆ ಅಂದರು.

ಊರೊಳಗೆ ಹಾಡೇ ಬೇಡ ಅನ್ನುವುದು ನನ್ನ ಗಟ್ಟಿ ಮಾತು. ಸಿಲ್ಕ್ ಬೋರ್ಡ್ ಹತ್ತಿರ ತೆವಳುವಾಗ ಗಾಳಿ ಸದ್ದೇ ಇರುವುದಿಲ್ಲ. ಅಲ್ಲಿ ಹಾಡು ಮುಚ್ಚುವುದು ಬಸ್ಸಿನ ಹಾರ್ನನ್ನು, ಹಿಂದಿನಿಂದ ಬರುವ ಆಂಬ್ಯುಲೆನ್ಸನ್ನು. ಡೆಲಿವರಿ ಹುಡುಗರಿಗೆ ದಾರಿ ಹೇಳುವ ದನಿ ಬೇಕೇ ಬೇಕು, ಅದಿಲ್ಲದಿದ್ದರೆ ಪದೇ ಪದೇ ಫೋನ್ ನೋಡುತ್ತಾರೆ. ಅವರಿಗೆ ಎಡಗಡೆ ಒಂದೇ ಸ್ಪೀಕರ್ ಹಾಕಿಕೊಡುತ್ತೇನೆ. ದೊಡ್ಡ ಗಾಡಿಗಳು ಓವರ್‌ಟೇಕ್ ಮಾಡುವುದು ಹೆಚ್ಚಾಗಿ ಬಲಗಡೆಯಿಂದ, ಆ ಕಿವಿ ಬಿಡುವಾಗಿರಲಿ ಅಂತ. ಖರ್ಚೂ ಕಮ್ಮಿ.

ಸದ್ದಿನ ತೊಂದರೆ ಇಟ್ಟುಕೊಂಡು ಯಾವ ಅಂಗಡಿಗೆ ಹೋದರೂ ಬರೀ ಹೆಲ್ಮೆಟ್ ಕೈಯಲ್ಲಿ ಹಿಡಿದುಕೊಂಡು ಆಟೋದಲ್ಲಿ ಹೋಗಬೇಡಿ. ಗಾಡಿಯಲ್ಲೇ ಹೋಗಿ. ದಿನಾ ಹಾಕುವ ಕನ್ನಡಕ, ಜಾಕೆಟ್, ಕತ್ತಿನ ಬಟ್ಟೆ ಎಲ್ಲಾ ಹಾಕಿಕೊಂಡೇ ಹೋಗಿ. ಯಾವ ವೇಗದಲ್ಲಿ ಸದ್ದು ಶುರುವಾಗುತ್ತದೆ, ಭೋಂ ಅನ್ನುತ್ತದಾ ಸಿಳ್ಳೆ ಹಾಕುತ್ತದಾ, ಯಾವ ಕಿವಿಗೆ ಜಾಸ್ತಿ, ಇಷ್ಟನ್ನು ಹೋಗುವ ದಾರಿಯಲ್ಲೇ ಗಮನಿಸಿಕೊಂಡಿದ್ದರೆ ಅರ್ಧ ಕೆಲಸ ಆದ ಹಾಗೆ.